ಮಾರಿಷಸ್‌ಗೆ ಹೊರಟವರಿಗೂ ಕರೆದೊಯ್ಯುವವರಿಗೂ: ಬಾವಲಿ ಬಗ್ಗೆ ಒಂದು ಬಹಿರಂಗ ಪತ್ರ

ಮಾರಿಷಸ್‌ಗೆ ಟಿಕೆಟ್ ಬುಕ್ ಮಾಡಿರುವ, ಇನ್ನೇನು ಮಾಡಲಿರುವ ಕನ್ನಡಿಗರೇ, ನಮಸ್ಕಾರ. ನಿಮ್ಮನ್ನು ಕರೆದುಕೊಂಡು ಹೋಗುವ ಟ್ರಾವೆಲ್ಸ್‌ನವರಿಗೂ ನಮಸ್ಕಾರ. ಈ ಪತ್ರ ಇಬ್ಬರಿಗೂ ಸೇರಿದ್ದು.

ಮದುವೆ ಸೀಸನ್ ಮುಗಿಯುತ್ತಿದ್ದ ಹಾಗೆ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಮಾರಿಷಸ್ ಫೋಟೋಗಳು ಶುರುವಾಗುತ್ತವೆ. ಆಗದೆ ಇನ್ನೇನು? ಭಾರತೀಯರಿಗೆ ಅಲ್ಲಿ ವೀಸಾದ ತಲೆನೋವಿಲ್ಲ. 2024ರ ಫೆಬ್ರವರಿಯಿಂದ ಯುಪಿಐ ಕೂಡ ನಡೆಯುತ್ತದೆ. ಊಟಕ್ಕೆ ಪರದಾಡಬೇಕಿಲ್ಲ, ದೇವಸ್ಥಾನಗಳೂ ಇವೆ. ಫೋಟೋಗಳಲ್ಲಿ ಸಮುದ್ರ, ಏಳು ಬಣ್ಣದ ಮಣ್ಣು, ಆಮೇಲೆ ಒಂದಷ್ಟು ಪ್ರಾಣಿಗಳು. ಗಂಗಾ ತಲಾವ್ ಅನ್ನುವ ಪವಿತ್ರ ಕೆರೆಯ ಮೆಟ್ಟಿಲ ಮೇಲಿನ ಕೋತಿ. ಎಸ್ಟೇಟಿನ ಜಿಂಕೆ. ಸಫಾರಿ ಪಾರ್ಕಿನ ಸಿಂಹ, ಜೀಬ್ರಾ, ಜಿರಾಫೆ. ಕೆಳಗೆ ‘ಮಾರಿಷಸ್ ವೈಲ್ಡ್‌ಲೈಫ್’ ಅಂತ ಒಂದು ಸಾಲು.

ಇವುಗಳಲ್ಲಿ ಒಂದೂ ಮಾರಿಷಸ್‌ನದ್ದಲ್ಲ. ಸಿಂಹ, ಜಿರಾಫೆ ಹೊರಗಿನಿಂದ ತಂದವು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕೋತಿಯೂ ಹಾಗೇ ಬಂದದ್ದು. 1600ರ ಆಸುಪಾಸಿನಲ್ಲಿ ಹಡಗಿನವರು ತಂದು ಬಿಟ್ಟ ಉದ್ದ ಬಾಲದ ಕೋತಿ ಅದು, ಆಗ್ನೇಯ ಏಷ್ಯಾದ್ದು. ಜಿಂಕೆಯನ್ನು 1639ರಲ್ಲಿ ಡಚ್ಚರು ಜಾವಾದಿಂದ ತಂದರು, ಮಾಂಸಕ್ಕೆ. ಕಬ್ಬಿನ ಗದ್ದೆಯ ಬದಿಯಲ್ಲಿ ಮುಂಗುಸಿ ಓಡಿದರೆ ಅದು ನಮ್ಮ ಕಡೆಯದು. ಇಲಿ ಹಿಡಿಯಲಿ ಅಂತ 1900ರಲ್ಲಿ ತಂದರು, ಅದು ಇಲಿಯ ಜೊತೆಗೆ ಹಕ್ಕಿಗಳನ್ನೂ ಹಿಡಿಯಿತು. ಅಲ್ಲಿನ ಮೊಲ ಕೂಡ ನಮ್ಮ ಹೊಲದ ಕಾಡುಮೊಲವೇ. ಮುಳ್ಳುಮುಳ್ಳಾದ ಟೆನ್ರೆಕ್ ಅನ್ನುವ ಪುಟ್ಟ ಪ್ರಾಣಿ ಮಡಗಾಸ್ಕರ್‌ನಿಂದ ಬಂತು. ಇನ್ನು ಇಲಿ, ಹಂದಿ, ಬೆಕ್ಕುಗಳ ಕತೆ ಎಲ್ಲ ದ್ವೀಪಗಳಲ್ಲೂ ಒಂದೇ.

ಹಾಗಾದರೆ ಆ ನೆಲದ ಸ್ವಂತ ಸಸ್ತನಿ ಯಾವುದು? ಬಾವಲಿ. ಅಷ್ಟೇ. ಮನುಷ್ಯ ಕಾಲಿಡುವ ಮುಂಚೆ ಮಾರಿಷಸ್ ನೆಲದ ಮೇಲೆ ಮರಿಗೆ ಹಾಲೂಡಿಸುವ ಪ್ರಾಣಿ ಅಂತ ಇದ್ದದ್ದು ಬಾವಲಿ ಮಾತ್ರ. ಅದರ ಫೋಟೋ ಮಾತ್ರ ಯಾರ ಸ್ಟೇಟಸ್ಸಿನಲ್ಲೂ ನಾನು ಕಂಡಿಲ್ಲ.

ಇಲ್ಲಿ ಒಂದು ಮಾತು ಸೇರಿಸಿಬಿಡುತ್ತೇನೆ. ‘ಸ್ವಂತ’, ‘ಹೊರಗಿನದು’ ಅನ್ನುವ ಈ ಲೆಕ್ಕವನ್ನು ದಯವಿಟ್ಟು ಮನುಷ್ಯರಿಗೆ ಹಾಕಬೇಡಿ. ಅಲ್ಲಿನ ಜನ ಎಲ್ಲರೂ ಎಲ್ಲಿಂದಲೋ ಬಂದವರೇ. ಕೆಲವರನ್ನು ಗುಲಾಮರನ್ನಾಗಿ ಎಳೆದು ತಂದರು. 1834ರಿಂದ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಕಬ್ಬಿನ ಗದ್ದೆಗೆ ಇಳಿಸಿದರು. ಅವರು ಹಡಗಿನಿಂದ ಇಳಿದ ಆಪ್ರವಾಸಿ ಘಾಟ್ ಈಗ ಯುನೆಸ್ಕೋ ಪಟ್ಟಿಯಲ್ಲಿದೆ, ಹೋದಾಗ ತಪ್ಪದೆ ನೋಡಿ. ನಾನು ಹೇಳುತ್ತಿರುವುದು ಕಾಡಿನ ಲೆಕ್ಕ. ಯಾವ ಪ್ರಾಣಿ ಆ ಕಾಡಿನ ಜೊತೆಯಲ್ಲೇ ಬೆಳೆಯಿತು, ಯಾವುದು ಬರೀ ತಿನ್ನುತ್ತಿದೆ ಅನ್ನೋದು.

ಆಫ್ರಿಕಾದ ಪಕ್ಕದ ಈ ದ್ವೀಪಗಳನ್ನು ನಕ್ಷೆಯಲ್ಲಿ ಒಟ್ಟಿಗೆ ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಜಾಂಜಿಬಾರ್ ಕರಾವಳಿಗೆ ಹತ್ತಿರ. ಹಿಮಯುಗದಲ್ಲಿ ಸಮುದ್ರ ತಗ್ಗಿದಾಗ ಅದು ಆಫ್ರಿಕಾಕ್ಕೆ ಅಂಟಿಕೊಂಡಿತ್ತು. ಹಾಗಾಗಿ ಅಲ್ಲಿಗೆ ಮಂಗಗಳು, ಪುಟ್ಟ ಜಿಂಕೆಯಂಥ ಡೈಕರ್‌ಗಳು, ಕೊನೆಗೆ ಚಿರತೆ ಕೂಡ ನಡೆದೇ ಹೋದವು. ಮಡಗಾಸ್ಕರ್ ಹಾಗಲ್ಲ. ಮಧ್ಯೆ 400 ಕಿ.ಮೀ. ಸಮುದ್ರ. ಯಾವುದೋ ಕಾಲದಲ್ಲಿ ನದಿಯಲ್ಲಿ ಕೊಚ್ಚಿಬಂದ ಗಿಡಮರದ ರಾಶಿಯ ಮೇಲೆ ಕೂತು ಬೆರಳೆಣಿಕೆಯ ಪ್ರಾಣಿಗಳು ದಾಟಿದವು ಅಂತ ವಿಜ್ಞಾನಿಗಳು ಹೇಳುತ್ತಾರೆ. ಹಾಗೆ ದಾಟಿದ ಒಂದು ಪುಟ್ಟ ಜೀವಿಯ ಸಂತಾನ ಇವತ್ತಿನ ನೂರಕ್ಕೂ ಹೆಚ್ಚು ಬಗೆಯ, ಮಂಗಗಳ ದೂರದ ನೆಂಟರಾದ ಲೀಮರ್‌ಗಳು. ಅದರಲ್ಲಿ ಅತಿ ಚಿಕ್ಕದು 30 ಗ್ರಾಂ ತೂಗುತ್ತದೆ. 2020ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಲೆಕ್ಕ ಹಾಕಿದಾಗ 107 ಬಗೆಗಳಲ್ಲಿ 103 ಅಪಾಯದಲ್ಲಿದ್ದವು. ಅದು ಬೇರೆಯದೇ ಪತ್ರಕ್ಕೆ ಆಗುವ ದುಃಖ.

ಮಾರಿಷಸ್ ಇರುವುದು ಮಡಗಾಸ್ಕರ್‌ನಿಂದಲೂ ಎಷ್ಟೋ ದೂರದಲ್ಲಿ. ಸುಮಾರು 80 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯಾಗಿ ನೀರಿನಿಂದ ಎದ್ದ ನೆಲ ಅದು. ಯಾವ ಖಂಡಕ್ಕೂ ಯಾವತ್ತೂ ತಾಗಿದ್ದಿಲ್ಲ. ಅಷ್ಟು ದೂರ ಮರದ ರಾಶಿಯ ಮೇಲೆ ಕೂತು ಯಾವ ಲೀಮರ್ರೂ ಬದುಕಿ ಬರಲಿಲ್ಲ. ರೆಕ್ಕೆ ಇದ್ದವು ಬಂದವು. ಹಕ್ಕಿಗಳಲ್ಲಿ ಒಂದು ಬಂದು, ಹಾರುವುದನ್ನೇ ಬಿಟ್ಟು ಡೋಡೊ ಆಯಿತು. ಅದರ ಕತೆ ನಿಮಗೆ ಗೊತ್ತು. ಸಸ್ತನಿಗಳಲ್ಲಿ ಬಾವಲಿ ಬಂತು. ಹುಳ ತಿನ್ನುವ ಸಣ್ಣವು ಎರಡು ಜಾತಿ. ಹಣ್ಣು ತಿನ್ನುವ ದೊಡ್ಡವು, ಅಕ್ಕಪಕ್ಕದ ರೀಯೂನಿಯನ್, ರೊಡ್ರಿಗ್ಸ್ ಸೇರಿಸಿ, ಮೂರು ಜಾತಿ. ಆ ಮೂರರಲ್ಲಿ ಚಿಕ್ಕದೊಂದು 19ನೇ ಶತಮಾನದಲ್ಲೇ ಮುಗಿದುಹೋಯಿತು.

ಹಣ್ಣು ತಿನ್ನುವ ಈ ದೊಡ್ಡವು ಆಫ್ರಿಕಾದಿಂದ ಬಂದವಲ್ಲ, ಏಷ್ಯಾದ ಕಡೆಯಿಂದ ಬಂದವು. ನಮ್ಮೂರಿನ ಆಲದ ಮರದಲ್ಲಿ, ಹಳೇ ಹುಣಸೆ ತೋಪಿನಲ್ಲಿ ಹಗಲೆಲ್ಲ ಕಿಚಕಿಚ ಅಂತ ಜಗಳವಾಡುತ್ತಾ ನೇತಾಡುತ್ತವಲ್ಲ ದೊಡ್ಡ ಬಾವಲಿಗಳು, ಅದೇ ಕುಲ. ಶಾಂತಸಾಗರದ ದ್ವೀಪಗಳಿಂದ ಹಿಡಿದು ಹಿಂದೂ ಮಹಾಸಾಗರದ ಈ ತುದಿವರೆಗೆ ದ್ವೀಪದಿಂದ ದ್ವೀಪಕ್ಕೆ ಹಬ್ಬಿದ ಕುಲ ಅದು. ತಾಂಜಾನಿಯಾದ ಪೆಂಬಾ ದ್ವೀಪಕ್ಕೂ ಬಂದಿದೆ. ಅಲ್ಲಿಂದ ಆಫ್ರಿಕಾದ ನೆಲ ಬರೀ 50 ಕಿ.ಮೀ. ಆದರೆ ಖಂಡದೊಳಗೆ ಈ ಕುಲದ ಒಂದೂ ಜಾತಿ ನೆಲೆಸಿಲ್ಲ. ಸಾವಿರಾರು ಕಿ.ಮೀ. ಸಮುದ್ರ ದಾಟಿ ಬಂದದ್ದು ಬಾಗಿಲಲ್ಲೇ ನಿಂತುಬಿಟ್ಟಿದೆ! ಯಾಕೆ ಅಂತ ಯೋಚಿಸುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಮಾರಿಷಸ್‌ನ ದೊಡ್ಡ ಬಾವಲಿ ಅರ್ಧ ಕೆಜಿ ಆಸುಪಾಸು ತೂಗುತ್ತದೆ. ಕುತ್ತಿಗೆ ಸುತ್ತ ಚಿನ್ನದ ಬಣ್ಣದ ತುಪ್ಪಳ. ವರ್ಷಕ್ಕೆ ಒಂದೇ ಮರಿ. ರಾತ್ರಿ ಕಾಡಿನಿಂದ ಕಾಡಿಗೆ ಹಾರುತ್ತದೆ, ಹಣ್ಣನ್ನು ಜಗಿದು ರಸ ಹೀರಿ ನಾರು ಉಗುಳುತ್ತದೆ, ಬೀಜವನ್ನು ದೂರ ಒಯ್ದು ಬಿಸಾಡುತ್ತದೆ. ಹೂವಿನ ರಸಕ್ಕೆ ಮೂತಿ ಹಾಕಿ ಪರಾಗ ಹೊತ್ತೊಯ್ಯುತ್ತದೆ. ಈ ಕೆಲಸಕ್ಕೆ ಹಿಂದೆ ಅಲ್ಲಿ ಬೇಕಾದಷ್ಟು ಜನ ಇದ್ದರು. ಡೋಡೊ ಇತ್ತು, ದೈತ್ಯ ಆಮೆಗಳಿದ್ದವು, ದೊಡ್ಡ ಗಿಳಿಗಳಿದ್ದವು. ಎಲ್ಲ ಹೋದವು. ದೊಡ್ಡ ಬೀಜದ ಹಣ್ಣನ್ನು ದೂರ ಸಾಗಿಸುವುದಕ್ಕೆ ಈಗ ಹೆಚ್ಚುಕಮ್ಮಿ ಬಾವಲಿಯೊಂದೇ ಗತಿ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಕಾಡು ಆ ದ್ವೀಪದಲ್ಲಿ ಶೇ. 2ರಷ್ಟೂ ಉಳಿದಿಲ್ಲ ಅನ್ನೋದು ಅಲ್ಲಿನ ಸಂರಕ್ಷಣೆಯವರು ಸಾಮಾನ್ಯವಾಗಿ ಕೊಡುವ ಲೆಕ್ಕ. ಆ ಚೂರಿನಲ್ಲಿ ಮುಂದಿನ ಮರ ಹುಟ್ಟಬೇಕಾದರೆ ಈ ಬಾವಲಿ ಬೇಕು.

ಅದನ್ನು ಗುಂಡಿಟ್ಟು ಕೊಂದರು. ಕಳ್ಳಬೇಟೆಯವರಲ್ಲ, ಸರ್ಕಾರವೇ. 2015ರಲ್ಲಿ ಕಾನೂನು ಬದಲಿಸಿಕೊಂಡು, ಆ ವರ್ಷವೇ 30,000ಕ್ಕೂ ಹೆಚ್ಚು ಬಾವಲಿಗಳನ್ನು ಹೊಡೆದರು. 2016ರಲ್ಲಿ ಮತ್ತೆ ಏಳು ಸಾವಿರಕ್ಕೂ ಹೆಚ್ಚು. 2018ರಲ್ಲಿ 13,000 ಕೊಲ್ಲುವ ಗುರಿ ಇಟ್ಟುಕೊಂಡರು. ಅದೇ ವರ್ಷ ಐಯುಸಿಎನ್ ಈ ಬಾವಲಿಯನ್ನು ‘ಅಳಿವಿನಂಚಿನಲ್ಲಿರುವ’ ಜಾತಿ ಅಂತ ಪಟ್ಟಿಯಲ್ಲಿ ಮೇಲಕ್ಕೇರಿಸಿತು. ಇಡೀ ಲೋಕದಲ್ಲಿ ಇದು ಇರುವುದು ಮಾರಿಷಸ್‌ನಲ್ಲಿ. ಪಕ್ಕದ ರೀಯೂನಿಯನ್‌ನಲ್ಲಿ ಎಂದೋ ಅಳಿದುಹೋಗಿದ್ದದ್ದು ಈಚೆಗೆ ಒಂದು ಸಣ್ಣ ಗುಂಪಾಗಿ ಮರಳಿದೆ, ಅಷ್ಟೇ. ಅಂಥದ್ದರಲ್ಲಿ ಒಂದು ದೊಡ್ಡ ಚಂಡಮಾರುತ ಬಂದರೂ ಸಾಕು. ಬಿರುಗಾಳಿಗೆ ಬಾವಲಿಯೂ ಸಾಯುತ್ತದೆ, ಉಳಿದವಕ್ಕೆ ಕಾಡಿನಲ್ಲಿ ಹಣ್ಣೂ ಇರುವುದಿಲ್ಲ.

ಕೊಲ್ಲಲು ಕಾರಣ ಲಿಚಿ ಮತ್ತು ಮಾವು. ರೈತರ ಸಿಟ್ಟನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಟದವರನ್ನೋ, ಹಿತ್ತಲಲ್ಲಿ ಸಪೋಟ ಇಟ್ಟುಕೊಂಡವರನ್ನೋ ಕೇಳಿ. ಬೆಳಿಗ್ಗೆ ಎದ್ದು ಬುಡದಲ್ಲಿ ಅರ್ಧ ತಿಂದ ಹಣ್ಣು ಬಿದ್ದಿರುವುದನ್ನು ನೋಡಿದವರಿಗೆ ಬೀಜಪ್ರಸಾರದ ಪಾಠ ಹೇಳಿದರೆ ಹೊಡೆಯೋಕೆ ಬರುತ್ತಾರೆ. ಮಾರಿಷಸ್‌ನಲ್ಲಿ ಲಿಚಿ ಹಣ್ಣಾಗುವುದು ನವೆಂಬರ್, ಡಿಸೆಂಬರ್‌ನಲ್ಲಿ. ಹಬ್ಬದ ಹೊತ್ತು, ಒಳ್ಳೆಯ ಬೆಲೆ. ಎಷ್ಟೋ ಮನೆಗಳ ಹಿತ್ತಲಲ್ಲಿ ಒಂದೊಂದು ಹಳೆಯ ಲಿಚಿ ಮರ ಇದೆ. ಬಾವಲಿ ಹಣ್ಣು ತಿನ್ನುವುದು ನಿಜ. ಜಾಸ್ತಿಯೇ ತಿನ್ನುತ್ತದೆ.

ಆದರೆ ಕೊಂದಿದ್ದರಿಂದ ಏನು ಸಿಕ್ಕಿತು? ಅಲ್ಲಿನ ಸಸ್ಯ ಮತ್ತು ಪರಿಸರ ವಿಜ್ಞಾನಿಗಳು ಲೆಕ್ಕ ತೆಗೆದು ನೋಡಿದರೆ, ಹತ್ತಾರು ಸಾವಿರ ಬಾವಲಿ ಸತ್ತ ಮೇಲೂ ಬೆಳೆಗಾರರ ಲಾಭ ಏರಿರಲಿಲ್ಲ. ಅದಕ್ಕೆ ಆಶ್ಚರ್ಯಪಡಬೇಕಿಲ್ಲ. ಹಣ್ಣು ಹಾಳು ಮಾಡುವುದು ಬಾವಲಿ ಒಂದೇ ಅಲ್ಲ. ಇಲಿ ಇದೆ, ಕೋತಿ ಇದೆ, ಗಾಳಿ ಇದೆ, ಕೊಯ್ಯುವುದು ತಡವಾಗಿ ಮಾಗಿ ಉದುರುವುದಿದೆ. ಹಕ್ಕಿಗಳೂ ಇವೆ. ಆ ಹಕ್ಕಿಗಳು ಯಾವುವು ಅಂದುಕೊಂಡಿರಿ? ನಮ್ಮ ಗೊರವಂಕ, ನಮ್ಮ ಕೆಮ್ಮೀಸೆ ಪಿಕಳಾರ, ನಮ್ಮ ಹಸಿರು ಗಿಳಿ! ಮನುಷ್ಯರ ಜೊತೆ ಅಲ್ಲಿಗೆ ಹೋಗಿ ನೆಲೆಯೂರಿದವು. ರಾತ್ರಿ ಬಾವಲಿ ಸದ್ದು ಮಾಡಿಕೊಂಡು ಬರುತ್ತದೆ, ಗಲೀಜು ಮಾಡಿ ಹೋಗುತ್ತದೆ. ಹಾಗಾಗಿ ಹೊಡೆತ ಅದಕ್ಕೇ ಬೀಳುತ್ತದೆ.

ಬಲೆ ಹಾಕಿದರೆ ಹಣ್ಣು ಉಳಿಯುತ್ತದೆ. ಇದನ್ನು ಅಲ್ಲೇ, ಹಿತ್ತಲ ಲಿಚಿ ಮರಗಳಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಸರ್ಕಾರ ಬಲೆಗೆ ಸಹಾಯಧನವನ್ನೂ ಕೊಟ್ಟಿದೆ. ಕಷ್ಟ ಏನಪ್ಪಾ ಅಂದರೆ ಹಳೆಯ ಮರಗಳು ಮಹಡಿ ಮನೆಗಿಂತ ಎತ್ತರ. ಅವುಗಳ ಮೇಲೆ ಬಲೆ ಎಳೆಯುವುದು ಒಬ್ಬಿಬ್ಬರ ಕೆಲಸವಲ್ಲ. ಸಡಿಲವಾಗಿ ಕಟ್ಟಿದರೆ ಬಾವಲಿ ಅದರಲ್ಲೇ ಸಿಕ್ಕಿ ಸಾಯುತ್ತದೆ. ಮರವನ್ನು ಸವರಿ ಗಿಡ್ಡ ಮಾಡಬೇಕು, ಬಲೆಯನ್ನು ಬಿಗಿಯಾಗಿ ಕಟ್ಟಬೇಕು, ಎರಡು ಮೂರು ವರ್ಷ ತಾಳ್ಮೆ ಬೇಕು. ಬಂದೂಕಿಗೆ ತಾಳ್ಮೆ ಬೇಕಿಲ್ಲ. ಚುನಾವಣೆಯ ವರ್ಷ ‘ಇಷ್ಟು ಹೊಡೆದೆವು’ ಅಂತ ಹೇಳುವುದೂ ಸುಲಭ. ಇದು ನನ್ನ ಅನಿಸಿಕೆ, ಅಲ್ಲಿನ ರಾಜಕಾರಣಿಗಳು ಒಪ್ಪಲಿಕ್ಕಿಲ್ಲ.

‘ಅವರ ದೇಶದ ವಿಷಯಕ್ಕೆ ನಾವ್ಯಾಕೆ ತಲೆ ಹಾಕಬೇಕು?’ ಅಂತ ನಿಮಗೆ ಅನಿಸಬಹುದು. ಸರಿಯಾದ ಪ್ರಶ್ನೆ. ನಾವು ಸಾಚಾ ಏನಲ್ಲ. 1972ರ ನಮ್ಮ ವನ್ಯಜೀವಿ ಕಾಯ್ದೆಯ ಐದನೇ ಪಟ್ಟಿಯಲ್ಲಿ ಹಣ್ಣು ತಿನ್ನುವ ಬಾವಲಿಗಳು ಇಲಿ, ಕಾಗೆಗಳ ಜೊತೆ ‘ಉಪದ್ರವಿ’ ಅನ್ನಿಸಿಕೊಂಡು ಕೂತಿದ್ದವು. ಯಾರು ಬೇಕಾದರೂ ಕೊಲ್ಲಬಹುದಿತ್ತು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ. ಕೋಲಾರದ ಹನುಮನಹಳ್ಳಿಯ ಗುಹೆಯೊಂದರಲ್ಲಿ ಮಾತ್ರ ಉಳಿದಿರುವ ಒಂದು ಬಾವಲಿ ಜಾತಿ ಇದೆ, ಲೋಕದಲ್ಲಿ ಬೇರೆಲ್ಲೂ ಇಲ್ಲ. ಬೆಂಗಳೂರಿನಿಂದ ಒಂದೆರಡು ಗಂಟೆಯ ದಾರಿ. ನಮ್ಮಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೇವೆ? ಹಾಗಾಗಿ ಮಾರಿಷಸ್ ಸರ್ಕಾರಕ್ಕೆ ಬುದ್ಧಿ ಹೇಳುವ ಪತ್ರ ಬರೆಯಲು ನನಗೆ ಮನಸ್ಸಾಗಲಿಲ್ಲ. ಅದನ್ನು ಅಲ್ಲಿನವರೇ ಗಟ್ಟಿಯಾಗಿ ಹೇಳುತ್ತಿದ್ದಾರೆ. ನಾನು ಬರೆಯುತ್ತಿರುವುದು ಪ್ರವಾಸಿಗಳಿಗೆ. ಯಾಕೆಂದರೆ ಪ್ರವಾಸಿ ಏನು ನೋಡಲು ಕಾಸು ಕೊಡುತ್ತಾನೋ ಅದಕ್ಕೆ ಊರಲ್ಲಿ ಬೆಲೆ ಬರುತ್ತದೆ.

ಇದು ಬರೀ ಮಾತಲ್ಲ, ಪೆಂಬಾದಲ್ಲಿ ಆಗಿದೆ. ಆಗಲೇ ಹೇಳಿದೆನಲ್ಲ, ತಾಂಜಾನಿಯಾದ ಆ ದ್ವೀಪಕ್ಕೂ ತನ್ನದೇ ಒಂದು ದೊಡ್ಡ ಬಾವಲಿ ಇದೆ. ಅಲ್ಲಿಯವರು ‘ಪೋಪೋ’ ಅನ್ನುತ್ತಾರೆ. ಮಾಂಸಕ್ಕಾಗಿ ಹೊಡೆದು ಹೊಡೆದು 1990ರ ಆಸುಪಾಸಿಗೆ ಬರೀ ಕೆಲವು ನೂರು ಉಳಿದಿವೆಯೇನೋ ಅನ್ನುವ ಸ್ಥಿತಿ ಇತ್ತು. ಆಮೇಲೆ ಹಳ್ಳಿಗಳಲ್ಲಿ ಬಾವಲಿ ಸಂಘಗಳು ಹುಟ್ಟಿದವು. ಶಾಲೆಗಳಲ್ಲಿ ಹೇಳಿಕೊಟ್ಟರು. ಬಾವಲಿ ಇರುವ ತೋಪನ್ನು ಹಳ್ಳಿಯವರೇ ಕಾದರು. ಕಿಡಿಕೆ ಅನ್ನುವ ಊರಲ್ಲಿ ನೋಡಲು ಬಂದವರಿಂದ ಒಂದಿಷ್ಟು ಪ್ರವೇಶಧನ ತೆಗೆದುಕೊಂಡು ತೋರಿಸತೊಡಗಿದರು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸಂಖ್ಯೆ 20,000 ದಾಟಿತು. ರೊಡ್ರಿಗ್ಸ್ ದ್ವೀಪದ್ದೂ ಹೀಗೇ ಮರಳಿ ಬಂದ ಕತೆ. 1970ರ ದಶಕದಲ್ಲಿ ಅಲ್ಲಿನ ಬಾವಲಿ ನೂರಕ್ಕಿಂತ ಕಡಿಮೆಗೆ ಇಳಿದಿತ್ತು. ಕೆಲವನ್ನು ಹಿಡಿದು ಜರ್ಸಿ ದ್ವೀಪದ ಮೃಗಾಲಯದಲ್ಲಿ ಸಾಕಿ ಮರಿ ಮಾಡಿಸಿದರು, ಇತ್ತ ಊರಲ್ಲಿ ಕಾಡು ಬೆಳೆಸಿದರು. ಈಗ ಅಲ್ಲಿಯೂ ಸಾವಿರಾರು ಇವೆ. ರೊಡ್ರಿಗ್ಸ್ ಮಾರಿಷಸ್ ದೇಶಕ್ಕೇ ಸೇರಿದ್ದು ಅನ್ನೋದನ್ನು ಮರೆಯಬೇಡಿ. ಒಂದೇ ದೇಶ ಒಂದು ದ್ವೀಪದಲ್ಲಿ ಬಾವಲಿಯನ್ನು ಉಳಿಸಿ, ಇನ್ನೊಂದರಲ್ಲಿ ಹೊಡೆಯಿತು.

ಈಗ ನಿಮ್ಮಿಂದ ಏನಾಗಬೇಕು ಅಂತ ಹೇಳುತ್ತೇನೆ.

ಮೊದಲು ಗಂಗಾ ತಲಾವ್. ಅಲ್ಲಿ ಹನುಮಂತನ ಗುಡಿ ಇದೆ, ಕೋತಿಗಳಿವೆ, ನಿಮ್ಮ ಕೈಯಲ್ಲಿ ಬಾಳೆಹಣ್ಣಿದೆ. ಕೊಡಬೇಡಿ. ದೇವರಿಗೆ ಇಟ್ಟದ್ದನ್ನು ನೀವೇ ತಿನ್ನಿ. ಕೊಟ್ಟ ಒಂದೊಂದು ಹಣ್ಣೂ ಕೋತಿಯ ಸಂಸಾರ ಬೆಳೆಸುತ್ತದೆ. ಅದೇ ಕೋತಿ ಪಕ್ಕದ ಕಾಡಿಗೆ ಹೋಗಿ, ಬಲು ಕಷ್ಟಪಟ್ಟು ಉಳಿಸಿಕೊಂಡಿರುವ ಗುಲಾಬಿ ಪಾರಿವಾಳದ ಗೂಡಿಗೆ ಕೈ ಹಾಕುತ್ತದೆ. ಕಾಡುಮರಗಳ ಕಾಯಿಯನ್ನು ಹಣ್ಣಾಗುವ ಮುಂಚೆಯೇ ಕಿತ್ತು ಹಾಕುತ್ತದೆ. ಆಮೇಲೆ ಬಾವಲಿಗೆ ಕಾಡಿನಲ್ಲಿ ಏನು ಉಳಿಯುತ್ತದೆ? ಲಿಚಿ ತೋಟವೇ ಗತಿ, ಅಲ್ವಾ? ಇದೇ ಕೋತಿಯನ್ನು ಅದರ ತವರಾದ ಆಗ್ನೇಯ ಏಷ್ಯಾದಲ್ಲಿ ಐಯುಸಿಎನ್ 2022ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಮಾರಿಷಸ್‌ನಿಂದಲೋ ಇದನ್ನು ಸಾವಿರಗಟ್ಟಲೆ ವಿದೇಶದ ಔಷಧ ಪ್ರಯೋಗಾಲಯಗಳಿಗೆ ರಫ್ತು ಮಾಡುತ್ತಾರೆ. ಗುಡಿ ಮುಂದೆ ಕೈ ಮುಗಿಸಿಕೊಳ್ಳುವ ಪ್ರಾಣಿಯ ಪಾಡು ಇದು. ಕೋತಿಯ ತಪ್ಪು ಏನೂ ಇಲ್ಲ. ಆದರೂ ಬಾಳೆಹಣ್ಣು ಬೇಡ.

ಎರಡನೆಯದು ಡಾಲ್ಫಿನ್. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ತಮಾರಿನ್ ಕೊಲ್ಲಿಗೆ ಕರೆದೊಯ್ಯುತ್ತಾರೆ. ‘ಡಾಲ್ಫಿನ್ ಜೊತೆ ಈಜಿ’ ಅನ್ನುವುದು ಪ್ಯಾಕೇಜಿನ ದೊಡ್ಡ ಆಕರ್ಷಣೆ. ಆ ಕೊಲ್ಲಿಗೆ ಬರುವ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯಿಡೀ ಆಳ ಸಮುದ್ರದಲ್ಲಿ ಬೇಟೆಯಾಡಿ, ಬೆಳಿಗ್ಗೆ ದಡದ ಹತ್ತಿರ ವಿಶ್ರಾಂತಿಗೆ ಬರುತ್ತವೆ. ನೈಟ್ ಶಿಫ್ಟ್ ಮುಗಿಸಿ ಮಲಗಿದವರ ಕೋಣೆಗೆ ನುಗ್ಗಿ ಸೆಲ್ಫಿ ಕೇಳಿದ ಹಾಗೆ ಆಗುತ್ತದೆ ನಮ್ಮ ದೋಣಿ. ದೂರದಿಂದ ನೋಡುವ, ನೀರಿಗೆ ಧುಮುಕಿಸದ ದೋಣಿಯವರೂ ಇದ್ದಾರೆ. ಅವರನ್ನೇ ಕೇಳಿ ಹುಡುಕಿ.

ಮೂರನೆಯದು, ಈ ಪತ್ರದ ಮುಖ್ಯ ವಿಷಯ. ಒಂದು ಸಂಜೆ ಬಾವಲಿಗೆ ಕೊಡಿ. ನೈರುತ್ಯದಲ್ಲಿ ಬ್ಲ್ಯಾಕ್ ರಿವರ್ ಗಾರ್ಜಸ್ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. 1994ರಲ್ಲಿ ಘೋಷಿಸಿದ್ದು. ಉಳಿದ ಹಳೆಯ ಕಾಡು ಹೆಚ್ಚಾಗಿ ಇರುವುದು ಆ ಕಣಿವೆಗಳಲ್ಲೇ. ನೀವು ಏಳು ಬಣ್ಣದ ಮಣ್ಣು ನೋಡಲು ಶಾಮರೆಲ್‌ಗೆ ಹೇಗೂ ಹೋಗುತ್ತೀರಿ, ಇದು ಅಲ್ಲಿಗೆ ಹತ್ತಿರ. ಕಣಿವೆ ಕಾಣುವ ಕಡೆ ನಿಂತು ನೋಡಿ. ಈ ಬಾವಲಿ ಕೆಲವೊಮ್ಮೆ ಬೆಳಕಿರುವಾಗಲೇ ಹಾರುತ್ತದೆ. ಅಗಲ ರೆಕ್ಕೆ, ನಿಧಾನದ ಬಡಿತ. ಮೊದಲ ಸಲ ನೋಡಿದವರು ಹದ್ದು ಅಂದುಕೊಂಡರೂ ಆಶ್ಚರ್ಯವಿಲ್ಲ. ಅವು ಮಲಗುವ ಮರ ಸಿಕ್ಕಿದರೆ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು, ಡ್ರೋನ್ ಹಾರಿಸುವುದು ಬೇಡ. ಎದ್ದು ಹಾರಿದರೆ ಫೋಟೋ ಚೆನ್ನಾಗಿ ಬರುತ್ತದೆ ನಿಜ. ತಾಯಿಯ ಎದೆಗೆ ಕಚ್ಚಿಕೊಂಡಿರುವ ಮರಿ ಜಾರಿ ಬೀಳಬಹುದು.

ಹೋಟೆಲಿನಲ್ಲಿ ಲಿಚಿ ಕೊಟ್ಟರೆ ಸಂತೋಷವಾಗಿ ತಿನ್ನಿ. ಹಾಗೇ ಒಂದು ಮಾತು ಕೇಳಿ: ‘ಇದು ಬಲೆ ಹಾಕಿದ ತೋಟದ್ದಾ?’ ಅಷ್ಟೇ. ಉತ್ತರ ಗೊತ್ತಿಲ್ಲದೆ ಹೋದರೂ ಪರವಾಗಿಲ್ಲ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಹೇಳಲು ಅವರು ತಿಳಿದುಕೊಂಡಿರುತ್ತಾರೆ.

ಸೇಶೆಲ್ಸ್‌ಗೆ ಹೋಗುವವರಿಗೆ ಒಂದು ಅಡ್ಡಮಾತು. ಅಲ್ಲಿ ಮೆನುವಿನಲ್ಲಿ ಬಾವಲಿ ಸಾರೇ ಇರಬಹುದು. ಅದು ಅವರ ಹಳೆಯ ಊಟ, ನಾನು ಮೂಗು ಮುರಿಯುವುದಿಲ್ಲ. ತಿನ್ನುವುದು ಬಿಡುವುದು ನಿಮ್ಮಿಷ್ಟ. ಜಾಂಜಿಬಾರ್‌ಗೆ ಹೋಗುವವರು ಜೋಜಾನಿ ಕಾಡಿನ ಕೆಂಪು ಕೊಲೊಬಸ್ ಮಂಗಗಳನ್ನು ಖಂಡಿತ ನೋಡಿ. ಆ ದ್ವೀಪ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲ. 2017ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಸುಮಾರು 5,800. ಅವು ಸುಟ್ಟ ಇದ್ದಿಲು ತಿನ್ನುತ್ತವೆ! ಮಾವಿನೆಲೆ, ಕಾಡುಬಾದಾಮಿ ಎಲೆಯಲ್ಲಿರುವ ಒಗರು ವಿಷಕ್ಕೆ ಅದು ಮದ್ದು ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮಾವು ಹೋದದ್ದು ನಮ್ಮ ಕಡೆಯಿಂದ, ಅಜೀರ್ಣ ಆದದ್ದು ಅವಕ್ಕೆ. ಹತ್ತಿರ ಹೋಗಿ ಮುಟ್ಟಬೇಡಿ, ನಮ್ಮ ನೆಗಡಿ ಕೆಮ್ಮು ಅವಕ್ಕೂ ಅಂಟುತ್ತದೆ.

ಕೊನೆಗೆ ಟ್ರಾವೆಲ್ಸ್‌ನವರೇ, ನಿಮಗೆ. ನಿಮ್ಮ ಬ್ರೋಷರಿನಲ್ಲಿ ಡೋಡೊ ಚಿತ್ರ ಇರುತ್ತದೆ. ಮುನ್ನೂರು ವರ್ಷಕ್ಕೂ ಹಿಂದೆ ಸತ್ತುಹೋದ ಹಕ್ಕಿಗೆ ಜಾಗ ಇದೆ, ಬದುಕಿರುವ ಬಾವಲಿಗೆ ಇಲ್ಲ. ಒಂದು ಚಿತ್ರ, ಎರಡು ಸಾಲು ಹಾಕಿ. ‘ವೈಲ್ಡ್‌ಲೈಫ್ ಸಫಾರಿ’ ಅಂತ ಬರೆದ ಕಡೆ ಅದು ಬೇಲಿ ಹಾಕಿದ ಪಾರ್ಕು ಅಂತಲೂ ಬರೆಯಿರಿ. ಅಲ್ಲಿನ ನಿಮ್ಮ ಗೈಡ್‌ಗೆ ಫೋನ್ ಮಾಡಿ ‘ನಮ್ಮ ಗುಂಪು ಬಾವಲಿ ನೋಡಬೇಕು ಅನ್ನುತ್ತಿದೆ’ ಅಂತ ಹೇಳಿ. ಮೊದಲು ನಗುತ್ತಾರೆ, ಆಮೇಲೆ ಜಾಗ ವಿಚಾರಿಸಿ ಇಟ್ಟುಕೊಳ್ಳುತ್ತಾರೆ. ಬಲೆ ಹಾಕಿರುವ ಒಂದು ಲಿಚಿ ತೋಟಕ್ಕೆ ನಿಮ್ಮ ಬಸ್ಸು ನಿಲ್ಲಿಸುವ ಹಾಗಾದರೆ ಇನ್ನೂ ಒಳ್ಳೆಯದು. ಆ ರೈತನಿಗೆ ಒಂದಷ್ಟು ವ್ಯಾಪಾರ ಆಗಲಿ, ಪಕ್ಕದ ತೋಟದವನು ಅದನ್ನು ನೋಡಲಿ. ಇದಕ್ಕೆಲ್ಲ ಜಾಸ್ತಿ ಖರ್ಚೇನೂ ಇಲ್ಲ. ನಿಮ್ಮ ಪ್ಯಾಕೇಜಿನಲ್ಲಿ ಯಾವುದಾದರೊಂದು ಸಂಜೆ ‘ಫ್ರೀ ಟೈಮ್’ ಅಂತ ಖಾಲಿ ಬಿಟ್ಟಿರುತ್ತೀರಲ್ಲ, ಈ ಡಿಸೆಂಬರ್‌ನಿಂದ ಅದನ್ನು ಇದಕ್ಕೆ ಬಳಸಿಕೊಳ್ಳಿ.

ಇಂತಿ,
ನಿಮ್ಮಲ್ಲೊಬ್ಬ